ಕೋಡಿ ಬಿದ್ದ ಮೇಲೆ ಹೇಳಬೇಕಿದ್ದ ಕಥೆ

ಹೊಸ ನೀರು ಕುಡಿದ ಕೆರೆಮಣ್ಣಿನ ವಾಸನೆ ಬಸ್ಸಿನ ಕಿಟಕಿಯಲ್ಲೇ ಮೂಗಿಗೆ ಬಡಿಯಿತು. ದೊಡ್ಡೇರಿ ದಾಟಿ ನಮ್ಮೂರಿನ ಏರಿ ಹತ್ತಿದಾಗ ನೋಡುತ್ತೇನೆ, ಕೆರೆ ತುಂಬಿ ಕೋಡಿ ಹರಿಯುತ್ತಿದೆ. ನನ್ನ ಆಯಸ್ಸಿನಲ್ಲಿ ಇದೇ ಮೊದಲು. ಬಸ್ಸಿನವರೆಲ್ಲ ಫೋನು ಹಿಡಿದು ಫೋಟೋ ತೆಗೆಯುತ್ತಿದ್ದರೆ ನನಗೆ ಅಜ್ಜಿಯ ಮೇಲೆ ಸಿಟ್ಟು ಬಂತು. ಎಂದೋ ಹೋದವಳ ಮೇಲೆ ಇದೆಂಥ ಸಿಟ್ಟು ಎನ್ನಬೇಡಿ.

ನಮ್ಮ ಮನೆ ಏರಿಯ ಕೆಳಗೇ ಇತ್ತು. ಸಂಜೆಯಾದರೆ ಅಜ್ಜಿ ಸೆರಗಿನಲ್ಲಿ ಹುರಿದ ಕಡಲೆಕಾಯಿ ಕಟ್ಟಿಕೊಂಡು ನನ್ನನ್ನು ಏರಿಯ ಮೇಲೆ ಕೂರಿಸುತ್ತಿದ್ದಳು. ಒಣಗಿದ ಕೆರೆಯಂಗಳದಲ್ಲಿ, ಏರಿಗೆ ಹತ್ತಿರವಾಗಿ, ಆಳೆತ್ತರದ ಒಂಟಿ ಬಂಡೆ. ಊರವರ ಬಾಯಲ್ಲಿ ಅದು ‘ಅಕ್ಕ’. ಕೆರೆ ಕಟ್ಟಿಸಿದ ಪಾಳೇಗಾರನ ಹೆಸರನ್ನು ಊರು ಮರೆತಿತ್ತು, ಅಕ್ಕನನ್ನು ಮರೆತಿರಲಿಲ್ಲ. ಒಂದು ಮಳೆಗಾಲ ಏರಿ ಬಿರುಕು ಬಿಟ್ಟಿತಂತೆ. ಕಾವಲಿದ್ದ ತಮ್ಮ, “ನಾನು ಜನ ಕರ್ಕಂಬರೋಗಂಟ ಇಲ್ಲೇ ನಿಂತಿರಕ್ಕ” ಎಂದು ಓಡಿದನಂತೆ. ಅಕ್ಕ ಬಿರುಕಿಗೆ ಬೆನ್ನು ಕೊಟ್ಟು ಏರುವ ನೀರಿನಲ್ಲಿ ನಿಂತೇ ಇದ್ದಳಂತೆ. “ತಮ್ಮ ಬಂದ್ನಾ ಅಜ್ಜಿ?” ಎಂದರೆ ಅಜ್ಜಿ ಕಡಲೆಕಾಯಿ ಸಿಪ್ಪೆ ಊದುತ್ತಿದ್ದಳು. “ಅದುನ್ನ ಕೋಡಿ ಬಿದ್ದಾಗ್ಲೇ ಹೇಳ್ಬೇಕು ಕಣಮ್ಮ. ನೀರಿಲ್ದಾಗ ಹೇಳಿದ್ರೆ ಅಕ್ಕನ್ ಕಿವಿಗೆ ಬೀಳ್ತದೆ.” ಕೊನೆ ಗೊತ್ತಿದ್ದದ್ದು ನಮ್ಮ ಮನೆಯ ಹೆಂಗಸರಿಗೆ ಮಾತ್ರ. ಅಜ್ಜಿಗೆ ಅವಳ ಅತ್ತೆ ಹೇಳಿದ್ದೂ ಬಂಡೆ ಮುಳುಗಿದ ದಿನವೇ, ಕೋಡಿಯ ಸದ್ದಿನ ನಡುವೆ, ಕಿವಿಗೆ ಬಾಯಿಟ್ಟು.

ನಾನು ಹೈಸ್ಕೂಲಿಗೆ ಬಂದರೂ ಕೆರೆ ತುಂಬಲಿಲ್ಲ. ಕೊರಟಗೆರೆಯ ಆಸ್ಪತ್ರೆಯಲ್ಲಿ ಮಲಗಿದ್ದ ಅಜ್ಜಿ ಒಂದು ಮಧ್ಯಾಹ್ನ ನನ್ನ ಕೈ ಎಳೆದಳು. “ಕೆರೆ ಯಾವಾಗ್ ತುಂಬ್ತದೋ ಏನೋ. ಈಗ್ಲೇ ಹೇಳ್ಬುಡ್ತೀನಿ, ಬಾ ಇಂಗೆ.” ನನಗೆ ಭಯವಾಯಿತು. ಕಥೆ ಮುಗಿದರೆ ಅಜ್ಜಿಯೂ ಮುಗಿದುಹೋಗುತ್ತಾಳೆ ಅನ್ನಿಸಿತು. “ಬ್ಯಾಡ ಕಣಜ್ಜಿ, ಕೋಡಿ ಬಿದ್ಮೇಲೆ ಹೇಳೀಯಂತೆ” ಎಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ನನ್ನ ಅಂಗೈಯೊಳಗೇ ನಕ್ಕಳು. ಮೂರನೆಯ ದಿನ ಹೋದಳು. ಸಿಟ್ಟೆಲ್ಲ ನಿಜಕ್ಕೂ ಆ ನನ್ನ ಕೈಯ ಮೇಲೆ.

ಬಸ್ಸಿಳಿದೆ. ಮನೆಯಿದ್ದ ಜಾಗದಲ್ಲಿ ಸೀಮೆಜಾಲಿ ಬೆಳೆದಿತ್ತು. ಏರಿಯ ಮೇಲೆ ನಿಂತಿದ್ದ ಮುದುಕಿಯೊಬ್ಬಳು ಗುರುತು ಹಿಡಿದು, “ಅಕ್ಕ ಮುಳುಗೋದ್ಲು ನೋಡು. ಆ ತಮ್ಮ ಬಂದ್ನಂತಾ? ನಿಮ್ಮಜ್ಜಿ ನಿಂಗೆ ಹೇಳಿರ್ಬೇಕಲ್ಲ?” ಎಂದಳು. ಇಲ್ಲವೆಂದು ತಲೆಯಾಡಿಸಿದೆ. ಅವಳು ನಂಬಲಿಲ್ಲ. ಎಲ್ಲರೂ ಹೋಗುವವರೆಗೆ ಕಾದು, ಕೋಡಿಯ ಹತ್ತಿರ, ಸದ್ದು ಜೋರಾಗಿದ್ದಲ್ಲಿ ಕುಳಿತೆ.

“ಕೋಡಿ ಬಿದ್ದೈತೆ ಕಣಜ್ಜಿ,” ಎಂದೆ. “ಅಕ್ಕಂಗೆ ಕೇಳ್ಸಲ್ಲ. ಈಗ ಹೇಳು.”