ನೂರಾ ಹದಿನೆಂಟು ಜನರ ಗುಂಪು

“ಬೆರಳಿಗೆ ಎಂತ ಆತು?”

ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತೊಂದು ನಿಮಿಷಕ್ಕೆ ನಾಗವೇಣಿಯ ಫೋನಿಗೆ ಬಂದ ಸಂದೇಶ ಇಷ್ಟೇ. ಎಡಗೈಯ ಕಿರುಬೆರಳಿಗೆ ಅವಳು ಬ್ಯಾಂಡ್‌ಏಡ್ ಸುತ್ತಿಕೊಂಡದ್ದು ಅದೇ ದಿನ ಬೆಳಿಗ್ಗೆ, ಗಾಜಿನ ಬಾಟಲಿಯ ಅಂಚು ತಾಗಿ ಗಾಯವಾದ ಮೇಲೆ. ಆಮೇಲೆ ಒಬ್ಬಳೇ ನಾಲ್ಕು ಬಾವಿಗಳಿಗೆ ಹೋಗಿದ್ದಳು. ದಾರಿಯಲ್ಲಿ ಅವಳನ್ನು ಮಾತಾಡಿಸಿದವರು ಇಬ್ಬರು ಮುದುಕಿಯರು. ಇಬ್ಬರ ಹತ್ತಿರವೂ ಫೋನಿರಲಿಲ್ಲ. ಸಂದೇಶ ಬಂದ ನಂಬರು ಅವಳಿಗೆ ಗೊತ್ತಿಲ್ಲದ್ದು.

೨೦೨೩ರಲ್ಲಿ ನಾನು ಕುಮಟಾದಲ್ಲಿ ಒಂದು ಖಾಸಗಿ ಸಂಸ್ಥೆಯ ಕ್ಷೇತ್ರ ಸಂಯೋಜಕಿಯಾಗಿದ್ದೆ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ಸಿಕ್ಕಿದ ಮೊದಲ ಕೆಲಸ ಅದು. ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಕರಾವಳಿ ಬಾವಿಗಳಲ್ಲಿ ಉಪ್ಪಿನ ಅಂಶ ಎಷ್ಟು ಏರುತ್ತಿದೆ ಎಂದು ಪ್ರತಿ ತಿಂಗಳು ಅಳೆಯುವುದು ಸಂಸ್ಥೆಯ ಯೋಜನೆಯಾಗಿತ್ತು. ಅಳೆಯುತ್ತಿದ್ದವರು ಆಯಾ ಊರಿನ ನಲವತ್ಮೂರು ಹೆಣ್ಣುಮಕ್ಕಳು. ಒಬ್ಬೊಬ್ಬಳಿಗೆ ಒಂದು ಪರೀಕ್ಷಾ ಕಿಟ್, ಎಂಬತ್ತು ಬಾವಿಗಳ ಒಂದು ಮಾರ್ಗ. ನಾಗವೇಣಿಯದು ಹೊನ್ನಾವರ ತಾಲೂಕಿನ ಆರನೇ ಮಾರ್ಗ. ಇದು ಅವಳ ನಿಜವಾದ ಹೆಸರಲ್ಲ. ಮಾರ್ಗದ ಸಂಖ್ಯೆಯನ್ನೂ ಬದಲಿಸಿದ್ದೇನೆ.

ಬಾವಿಗೆ ಹೋದದ್ದಕ್ಕೆ ಪುರಾವೆ ಬೇಕಿತ್ತು. ಜಿಪಿಎಸ್ ಕ್ಯಾಮೆರಾ ಎಂಬ ಆ್ಯಪ್ ಇರುತ್ತದೆ. ಅದರಲ್ಲಿ ತೆಗೆದ ಫೋಟೋದ ಕೆಳಗೆ ಊರಿನ ಹೆಸರು, ಅಕ್ಷಾಂಶ, ರೇಖಾಂಶ, ದಿನಾಂಕ, ಸಮಯ ಎಲ್ಲ ಅಚ್ಚಾಗುತ್ತವೆ. ಪರೀಕ್ಷಕಿ ನೀರಿನ ಬಾಟಲಿ ಹಿಡಿದು ಬಾವಿಯ ಪಕ್ಕ ನಿಂತು, ಮುಖವೂ ಬಾವಿಯೂ ಕಾಣುವಂತೆ ಫೋಟೋ ತೆಗೆದು, ಮಧ್ಯಾಹ್ನ ಒಂದು ಗಂಟೆಯೊಳಗೆ ವಾಟ್ಸಾಪ್ ಗುಂಪಿಗೆ ಹಾಕಬೇಕು. ಹಾಕದಿದ್ದರೆ ಆ ದಿನ ಗೈರುಹಾಜರಿ. ಆ ಗುಂಪನ್ನು ಮಾಡಿದವಳು ನಾನು. ತಿಂಗಳ ಆರಂಭದಲ್ಲಿ ಯಾರು ಯಾವ ದಿನ ಯಾವ ಬಾವಿಗೆ ಎಂಬ ಪಟ್ಟಿಯನ್ನು ಅದರಲ್ಲಿ ಹಾಕುತ್ತಿದ್ದವಳೂ ನಾನೇ.

ಫೋನಿನ ಸುರಕ್ಷತೆಯ ಬಗ್ಗೆ ಪರೀಕ್ಷಕಿಯರಿಗೆ ತರಬೇತಿ ಕೊಟ್ಟವಳೂ ನಾನೇ. ತದಡಿ ಬಂದರಿನ ಒಂದು ಸಭಾಭವನದಲ್ಲಿ, ಮೀನು ಹರಾಜಿನ ಗಲಾಟೆ ಮುಗಿದ ಮೇಲೆ, ಪ್ರೊಜೆಕ್ಟರ್ ಇಟ್ಟು ಎರಡು ಗಂಟೆ ಹೇಳಿದ್ದೆ. ಒಟಿಪಿ ಯಾರಿಗೂ ಹೇಳಬಾರದು, ಗೊತ್ತಿಲ್ಲದ ಲಿಂಕ್ ಒತ್ತಬಾರದು, ಪ್ರೊಫೈಲ್ ಫೋಟೋ ಎಲ್ಲರಿಗೂ ಕಾಣುವಂತೆ ಇಡಬಾರದು. ಭಟ್ಕಳದ ಕಡೆಯ ಗಂಗಕ್ಕ ಎಂಬ ಹಿರಿಯ ಪರೀಕ್ಷಕಿ ಕೈ ಎತ್ತಿ, “ನಮ್ಮ ಮೋರೆ ನೋಡೂಕೆ ಯಾರು ಮೇಡಂ ಹ್ಯಾಕ್ ಮಾಡ್ತಾರೆ? ನಮ್ಮನೆಯವ್ರೇ ನೋಡೂದಿಲ್ಲ” ಎಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಸಭೆಯಲ್ಲಿ ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡವಳು ನಾಗವೇಣಿ ಒಬ್ಬಳೇ.

ಬೆರಳಿನ ಸಂದೇಶ ಬಂದ ಮರುದಿನ ಅವಳು ಬಸ್ಸು ಹತ್ತಿ ಕುಮಟಾಕ್ಕೆ ಬಂದಳು. ಕಚೇರಿಯೊಳಗೆ ಬರಲಿಲ್ಲ. ಮೆಟ್ಟಿಲ ಹತ್ತಿರ ನಿಂತುಕೊಂಡೇ ಫೋನು ತೆಗೆದು ಕೊಟ್ಟಳು.

“ಹ್ಯಾಕ್ ಆಯ್ತು ಅನ್ಸ್ತದೆ ಮೇಡಂ.”

ಮೂರು ವಾರಗಳಲ್ಲಿ ಹನ್ನೊಂದು ಸಂದೇಶ, ಐದು ಬೇರೆ ಬೇರೆ ನಂಬರುಗಳಿಂದ. “ಆ ಬಾವಿಗೆ ಕಟ್ಟೆ ಇಲ್ಲ, ಬಗ್ಗೂದು ಬೇಡ.” “ಬಿಸ್ಲು ಜಾಸ್ತಿ ಅದೆ, ಕೊಡೆ ತರ್ಲಿಲ್ವಾ?” “ಊಟ ಆತಾ?” ಒಂದು ಕೆಟ್ಟ ಶಬ್ದವಿಲ್ಲ. ಮನೆಯ ಹಿರಿಯರು ಕೇಳುವಂಥ ಮಾತುಗಳೇ ಎಲ್ಲ.

“ಮನೆಯಲ್ಲಿ ಹೇಳಿದ್ದೀಯಾ?”

“ಬೇಡ ಮೇಡಂ. ನಮ್ಮಣ್ಣಂಗೆ ಗೊತ್ತಾದ್ರೆ ಫೋನೂ ಹೋತು, ಕೆಲ್ಸವೂ ಹೋತು. ಪಿಯುಸಿ ಮುಗ್ಸಿ ಆರು ವರ್ಷ ಮನೇಲೇ ಕೂತಿದ್ದೆ. ಇನ್ನು ಕೂರೂಕೆ ಆಗೂದಿಲ್ಲ ನಂಗೆ.”

ಅವಳಿಗೆ ಆಗ ಇಪ್ಪತ್ನಾಲ್ಕು ವರ್ಷ. ಅವಳು ನನ್ನಿಂದ ಕೇಳಿದ್ದು ಒಂದೇ: ಅವನು ನಿಲ್ಲಬೇಕು, ಮನೆಗೆ ಗೊತ್ತಾಗಬಾರದು. ಆಗುತ್ತದೆ ಎಂದೆ. ಆ ಮಾತು ಹೇಳುವಾಗ ನನಗೆ ಸಂಶಯವಿರಲಿಲ್ಲ.

ನನಗೆ ಗೊತ್ತಿದ್ದ ಎಲ್ಲವನ್ನೂ ಕ್ರಮವಾಗಿ ಮಾಡಿದೆ. ಬೇರೆ ಯಾವುದಾದರೂ ಕಂಪ್ಯೂಟರಿನಲ್ಲಿ ಅವಳ ವಾಟ್ಸಾಪ್ ತೆರೆದಿದೆಯೇ ಎಂದು ನೋಡಿದೆ, ಇರಲಿಲ್ಲ. ಎರಡು ಹಂತದ ಪಿನ್ ಹಾಕಿಸಿದೆ. ಲಾಸ್ಟ್ ಸೀನ್, ಪ್ರೊಫೈಲ್ ಫೋಟೋ ಮುಚ್ಚಿದೆ. ಲೊಕೇಶನ್ ಕೇಳುವ ಆ್ಯಪ್‌ಗಳಲ್ಲಿ ಕ್ಯಾಮೆರಾ ಒಂದನ್ನು ಬಿಟ್ಟು ಎಲ್ಲದಕ್ಕೂ ಅನುಮತಿ ತೆಗೆದೆ. ಕ್ಯಾಮೆರಾ ಕೆಲಸಕ್ಕೆ ಬೇಕಿತ್ತು. ಐದೂ ನಂಬರುಗಳನ್ನು ಬ್ಲಾಕ್ ಮಾಡಿಸಿದೆ. “ಒಂದಕ್ಕೂ ಉತ್ತರ ಕೊಡಬೇಡ. ಎಲ್ಲ ಅಳಿಸಿಬಿಡು, ಮನಸ್ಸಿನಿಂದಲೂ ಹೋಗಲಿ” ಎಂದೆ. ನನ್ನೆದುರೇ ಅಳಿಸಿದಳು. ಹೊಸ ಸಿಮ್ ಕೊಡಿಸಿ, ಆ ನಂಬರನ್ನು ಯಾರಿಗೂ ಕೊಡಬಾರದೆಂದು ಹೇಳಿ, ಅದೇ ಸಂಜೆ ಗುಂಪಿಗೆ ಸೇರಿಸಿದೆ.

ಒಂಬತ್ತು ದಿನ ಏನೂ ಬರಲಿಲ್ಲ. ಫೋನ್ ಮಾಡಿ, “ಆರಾಮ ಮೇಡಂ” ಎಂದಳು. ಹತ್ತನೇ ದಿನ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು, ತಾನೇನೂ ಬರೆಯದೆ.

“ಹೊಸ ನಂಬರು ತಗೊಂಡ್ಯಾ? ನಂಗೊಂದು ಮಾತು ಹೇಳ್ಬೇಕಲ್ಲ.”

ಆಗ ಗುಂಪನ್ನು ತೆರೆದು ಬೆರಳಿನ ದಿನದವರೆಗೆ ಹಿಂದೆ ಹೋದೆ. ನಾಗವೇಣಿಯ ಫೋಟೋ ಹನ್ನೊಂದು ಗಂಟೆ ಐವತ್ತೆಂಟು ನಿಮಿಷದ್ದು. ಬಾಟಲಿ ಹಿಡಿದ ಕೈ, ಬ್ಯಾಂಡ್‌ಏಡ್, ಕೆಳಗೆ ಬಾವಿಯ ಅಕ್ಷಾಂಶ ರೇಖಾಂಶ. ಕಟ್ಟೆಯಿಲ್ಲದ ಬಾವಿಯ ಫೋಟೋವೂ ಇತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕೊಡೆಯಿಲ್ಲದೆ ನಿಂತದ್ದೂ ಇತ್ತು. ಯಾರೂ ಅವಳ ಫೋನಿನೊಳಗೆ ನುಗ್ಗಿರಲಿಲ್ಲ. ಪ್ರತಿದಿನ ಅವಳೇ ತೋರಿಸುತ್ತಿದ್ದಳು, ನಾವು ತೋರಿಸು ಎಂದದ್ದರಿಂದ. ಗುಂಪಿನಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುತ್ತದೆ. ಹೊಸ ನಂಬರನ್ನು ಅವನಿಗೆ ಕೊಟ್ಟವಳು ನಾನು.

ಕುಳಿತು ಸದಸ್ಯರನ್ನು ಎಣಿಸಿದೆ. ನೂರಾ ಹದಿನೆಂಟು. ನಲವತ್ಮೂರು ಪರೀಕ್ಷಕಿಯರು, ಪಂಚಾಯಿತಿಗಳಲ್ಲಿ ನಲ್ಲಿ ನೀರು ಬಿಡುವ ಐವತ್ತೆರಡು ನೀರುಗಂಟಿಗಳು, ಉಳಿದ ಇಪ್ಪತ್ಮೂರರಲ್ಲಿ ಹನ್ನೆರಡು ಕಚೇರಿಯವರು. ಇನ್ನು ಹನ್ನೊಂದು ನಂಬರು ಯಾರದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ನಂಬರುಗಳೂ ಒಬ್ಬರದಲ್ಲ. ಪರೀಕ್ಷಕಿಯರಲ್ಲಿ ಅರ್ಧದಷ್ಟು ಜನ ಗಂಡನ, ಮೈದುನನ, ಮಗನ ಫೋನನ್ನೇ ಬಳಸುತ್ತಿದ್ದರು. ಮನೆಯ ಜಗಲಿಯ ಮೇಲೆ ಚಾರ್ಜಿಗೆ ಇಟ್ಟ ಫೋನನ್ನು ಯಾರು ಬೇಕಾದರೂ ನೋಡಬಹುದಿತ್ತು. ಅವನು ಗುಂಪಿನ ಸದಸ್ಯನೇ ಆಗಿರಬೇಕೆಂದೂ ಇರಲಿಲ್ಲ.

ಗೊತ್ತಿಲ್ಲದ ಹನ್ನೊಂದು ಜನರನ್ನು ತೆಗೆದೆ. ಗುಂಪಿಗೆ ನನ್ನನ್ನು ಬಿಟ್ಟು ಇನ್ನೂ ಮೂವರು ಅಡ್ಮಿನ್‌ಗಳಿದ್ದರು. ಸಂಜೆಯೊಳಗೆ ಏಳು ಜನ ತಿರುಗಿ ಬಂದಿದ್ದರು. ಕೇಳಿದಾಗ, “ಅವರು ನಮ್ಮ ಪರಿಚಯದವರೇ, ಬೇಜಾರಾಗುತ್ತಾರೆ” ಎಂಬ ಉತ್ತರ ಸಿಕ್ಕಿತು. ಫೋಟೋಗಳು ನನಗೊಬ್ಬಳಿಗೇ ಬರಲಿ ಎಂದು ಯೋಜನೆಯ ಮೇಲ್ವಿಚಾರಕರನ್ನು ಕೇಳಿದೆ. ಅವರು ಕೆಟ್ಟವರಲ್ಲ, ನನ್ನ ಮಾತನ್ನು ಪೂರ್ತಿ ಕೇಳಿದರು. “ಎಲ್ಲರೂ ನೋಡುವಂತೆ ಇದ್ದರೇ ಸುಳ್ಳು ಹಾಜರಿ ನಿಲ್ಲುತ್ತದೆ. ಒಬ್ಬಳಿಗಾಗಿ ಬದಲಿಸಿದರೆ ನಲವತ್ತೆರಡು ಜನ ಕೇಳುತ್ತಾರೆ” ಎಂದರು.

ಊರಿಗೆ ಮುಟ್ಟಿದ ಮೇಲೆ ಸಂಜೆ ಫೋಟೋ ಹಾಕು ಎಂದು ನಾಗವೇಣಿಗೆ ಹೇಳಿದೆ. ಎಂಟು ದಿನ ಹಾಗೆ ಮಾಡಿದಳು. ಎಂಟು ದಿನವೂ ಗೈರುಹಾಜರಿ ಬಿತ್ತು. ಅದರಿಂದ ಪ್ರಯೋಜನವೂ ಆಗಲಿಲ್ಲ. ಅವಳು ಎಲ್ಲಿಗೆ ಹೋಗುತ್ತಾಳೆಂದು ತಿಳಿಯಲು ಅವನಿಗೆ ಫೋಟೋ ಬೇಕಿರಲಿಲ್ಲ, ತಿಂಗಳ ಪಟ್ಟಿ ಅಲ್ಲೇ ಇತ್ತು. ಅವಳ ಮಾರ್ಗದಲ್ಲಿ ಬೀಗ ಹಾಕಿದ ಒಂದು ಮನೆಯ ಬಾವಿಯಿದೆ, ಮನೆಯವರು ದುಬೈಯಲ್ಲಿರುತ್ತಾರೆ. ಹಿಂದಿನ ತಿಂಗಳು ಆ ಬಾವಿಯ ಫೋಟೋದ ಕೆಳಗೆ ಅವಳು “ಹಗ್ಗ ಹಳೆಯದಾಗಿದೆ” ಎಂದು ಷರಾ ಬರೆದಿದ್ದಳು. ಈ ಸಲ ಹೋದಾಗ ರಾಟೆಗೆ ಹೊಸ ನೈಲಾನ್ ಹಗ್ಗ ಇತ್ತು. ಪಕ್ಕದ ಮನೆಯವರನ್ನು ಕೇಳಿದರೆ, “ಯಾರೋ ಕಟ್ಟಿ ಹೋದ್ರು, ಒಳ್ಳೇದಾತು” ಎಂದರಂತೆ. ಅವಳು ಮನೆಗೆ ಮುಟ್ಟುವಷ್ಟರಲ್ಲಿ ಸಂದೇಶ ಬಂದಿತ್ತು: “ಹಗ್ಗ ಬದಲ್ಸಿ ಇಟ್ಟಿದ್ದೆ. ಕೈ ನೋವಾಗ್ಲಿಲ್ಲ ಅಲ್ಲಾ?”

ಅದನ್ನು ಅಳಿಸಬೇಡ ಎಂದೆ. ಇಬ್ಬರೂ ಪೊಲೀಸ್ ಠಾಣೆಗೆ ಹೋದೆವು. ಅಲ್ಲಿದ್ದ ಮಹಿಳಾ ಪೇದೆ ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿಸಿಕೊಂಡರು.

“ಹಳೆ ಮೆಸೇಜು ಎಲ್ಲಿ ತಂಗೀ?”

“ಮೇಡಂ ಅಳಿಸು ಅಂದ್ರು.”

“ಇಂಥವೆಲ್ಲ ಕಳಿಸ್ಬೇಡ ಅಂತ ಒಂದ್ಸಲನಾದ್ರೂ ಅವಂಗೆ ಬರ್ದಿದ್ಯಾ?”

ನಾಗವೇಣಿ ನನ್ನ ಕಡೆ ನೋಡಲಿಲ್ಲ. “ಮೇಡಂ ಉತ್ತರ ಕೊಡ್ಬೇಡ ಅಂದ್ರು.”

ಪೇದೆ ನನ್ನ ಕಡೆ ನೋಡಿದರು, ಬಯ್ಯಲಿಲ್ಲ. ಬೇಡ ಎಂದ ಮೇಲೂ ಹಿಂದೆ ಬಿದ್ದರೆ ಪ್ರಕರಣಕ್ಕೆ ಬಲ ಬರುತ್ತದೆ, ಬೇಡ ಎಂದದ್ದು ಕಾಣಬೇಕು ಎಂದು ವಿವರಿಸಿದರು. “ಈಗ ಕೈಯಲ್ಲಿ ಇರೂದು ಎರಡು ಮೆಸೇಜು, ಒಂದು ಹಗ್ಗ. ಆದ್ರೂ ದೂರು ಕೊಡು, ನಾವು ಹುಡುಕ್ತೇವೆ. ಮನೆಗೆ ಬಂದು ಹೇಳಿಕೆ ತಗೊಳ್ಬೇಕಾಗ್ತದೆ.”

“ಮನೆಗಾ?” ಎಂದಳು ನಾಗವೇಣಿ. ದೂರು ಕೊಡದೆ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಬಸ್ ನಿಲ್ದಾಣದವರೆಗೆ ಅವಳ ಜೊತೆ ಹೋದೆ. ಬಸ್ಸು ಬಂದಾಗ, “ನೀವೆಂತ ಬೇಕಂತ ಮಾಡ್ಲಿಲ್ಲ ಮೇಡಂ” ಎಂದು ಹೇಳಿ ಹತ್ತಿದಳು.

ನನಗೆ ಉಳಿದದ್ದು ಬರವಣಿಗೆ. ಮೇಲ್ವಿಚಾರಕರಿಗೆ ಎರಡು ಪುಟದ ವರದಿ ಬರೆದೆ: ಫೋಟೋಗಳಲ್ಲಿ ಮುಖ ಬೇಡ, ಪಟ್ಟಿ ಗುಂಪಿನಲ್ಲಿ ಬೇಡ, ನಂಬರುಗಳು ಪರಸ್ಪರ ಕಾಣಬಾರದು. ಕಾರಣವೆಂದು ಘಟನೆಯನ್ನು ವಿವರಿಸಿದೆ. ಹೆಸರು ಬರೆಯಲಿಲ್ಲ. “ಹೊನ್ನಾವರ, ಮಾರ್ಗ ೬” ಎಂದು ಬರೆದೆ, ವಿವರ ಖಚಿತವಾಗಿರಬೇಕೆಂಬ ಅಭ್ಯಾಸದಿಂದ. ಇಮೇಲ್ ಕಳಿಸಿದ್ದು ಬೆಳಿಗ್ಗೆ ಹತ್ತೂವರೆಗೆ. ಹನ್ನೊಂದೂಕಾಲಕ್ಕೆ ನನ್ನ ಫೋನು ಸದ್ದು ಮಾಡಿತು. ಆ ವರದಿ ಗುಂಪಿನಲ್ಲಿತ್ತು. ಮೇಲೆ ಒಂದು ಸಾಲು: “ಎಲ್ಲ ಪರೀಕ್ಷಕಿಯರ ಗಮನಕ್ಕೆ. ಎಚ್ಚರದಿಂದಿರಿ.”

ನಾನು ಫೋನ್ ಮಾಡಿದಾಗ ಮೇಲ್ವಿಚಾರಕರಿಗೆ ಆಶ್ಚರ್ಯ. “ಎಲ್ಲರಿಗೂ ತಿಳಿಯಲಿ ಅಂತ ಹಾಕಿದೆ. ಹೆಸರು ಇಲ್ಲವಲ್ಲ?” ಆರನೇ ಮಾರ್ಗ ಯಾರದೆಂದು ಅದೇ ಗುಂಪಿನ ಪಟ್ಟಿಯಲ್ಲಿದೆ ಎಂದೆ. ಅಳಿಸಿದರು. ಅಷ್ಟರಲ್ಲಿ ತೊಂಬತ್ತೇಳು ಜನ ನೋಡಿಯಾಗಿತ್ತು.

ನಾಲ್ಕು ಗಂಟೆಗೆ ನಾಗವೇಣಿಯ ಅಣ್ಣ ಕಚೇರಿಗೆ ಬಂದ. ಗೂಡ್ಸ್ ರಿಕ್ಷಾ ಓಡಿಸುವವನು. ಒಬ್ಬ ನೀರುಗಂಟಿ ಅವನಿಗೆ ವರದಿ ತೋರಿಸಿದ್ದನಂತೆ. ಪರೀಕ್ಷಾ ಕಿಟ್ಟನ್ನು ಮೇಜಿನ ಮೇಲೆ ಇಟ್ಟ. ಬಾಟಲಿಗಳನ್ನೆಲ್ಲ ತೊಳೆದು ಒರೆಸಿ ಜೋಡಿಸಿತ್ತು.

“ಅವಳ ತಪ್ಪು ಏನೂ ಇಲ್ಲ” ಎಂದೆ.

“ಅದು ನಂಗೂ ಗೊತ್ತದೆ ಮೇಡಂ. ಗೊತ್ತಿದ್ದು ಎಂತ ಮಾಡೂದು? ಬೆಳಿಗ್ಗಿಂದ ಏಳು ಜನ ಕೇಳಿದ್ರು, ಯಾರಂತೆ ಅಂವ, ಯಾರಂತೆ ಅಂವ. ಎಂತ ಹೇಳೂದು ನಾನು?” ಕಿಸೆಯಿಂದ ತಂಗಿಯ ಫೋನು ತೆಗೆದು ನನ್ನೆದುರು ಹಿಡಿದ. ಗೊತ್ತಿಲ್ಲದ ಇನ್ನೊಂದು ನಂಬರಿನಿಂದ ಒಂದು ಸಂದೇಶ ಬಂದಿತ್ತು: “ನಾನು ತೊಂದ್ರೆ ಕೊಟ್ನಾ?”

“ಫೋನ್ ಹಚ್ಚಿದೆ. ಸ್ವಿಚ್ ಆಫ್” ಎಂದ. “ಇದು ಇನ್ನು ನನ್ನ ಹತ್ರನೇ ಇರ್ತದೆ. ಅವ್ಳು ಬರೂದಿಲ್ಲ. ನೀವೂ ಫೋನ್ ಮಾಡೂದು ಬೇಡ.”

ಸಂದೇಶ ಕಳಿಸುತ್ತಿದ್ದವನು ಯಾರೆಂದು ಗೊತ್ತಾಗಲಿಲ್ಲ. ಆಮೇಲೂ ಗೊತ್ತಾಗಲಿಲ್ಲ. ಒಂದೂವರೆ ವರ್ಷದ ನಂತರ ನಾನು ಆ ಸಂಸ್ಥೆ ಬಿಟ್ಟೆ. ಗುಂಪು ಈಗಲೂ ಇದೆಯಂತೆ. ಈಗ ಯಾರಾದರೂ ಇಂಥ ಸಂದೇಶಗಳನ್ನು ತಂದು ತೋರಿಸಿದರೆ ಅಳಿಸಬೇಡಿ ಎನ್ನುತ್ತೇನೆ. ದಿನಾಂಕ, ನಂಬರು ಕಾಣುವಂತೆ ಚಿತ್ರ ತೆಗೆದಿಡಿ, ಬೇಡ ಎಂದು ಒಂದೇ ಸಲ ಸ್ಪಷ್ಟವಾಗಿ ಬರೆಯಿರಿ, ಆಮೇಲೆ ಬ್ಲಾಕ್ ಮಾಡಿ. ಆದರೆ ಆ ಕೆಲಸ ನನಗೆ ಕಲಿಸಿದ್ದು ಇದಲ್ಲ. ಒಬ್ಬ ಹುಡುಗಿಯ ಪಿನ್ ಎಷ್ಟು ಗಟ್ಟಿ ಎಂದು ನಾನು ಪರೀಕ್ಷಿಸಿದೆ. ಅವಳಿಂದ ನಾವು ದಿನವೂ ಕೇಳಿ ಪಡೆಯುತ್ತಿದ್ದದ್ದನ್ನು ಒಮ್ಮೆಯೂ ಪರೀಕ್ಷಿಸಲಿಲ್ಲ. ಖಾಸಗಿತನವನ್ನು ಕಾಯುವುದು ಅವಳ ಜವಾಬ್ದಾರಿ ಎಂದು ಕಲಿಸಿದೆ. ಅದನ್ನು ಬಿಟ್ಟುಕೊಡುವುದು ಕೆಲಸದ ಷರತ್ತು ಎಂದು ಹೇಳಲೇ ಇಲ್ಲ.

ನಾಗವೇಣಿಯ ಅಣ್ಣ ಕಿಟ್ ತಂದಿಟ್ಟ ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಆರನೇ ಮಾರ್ಗಕ್ಕೆ ಹೊಸ ಹುಡುಗಿ ಬಂದಳು. ಪಕ್ಕದ ಊರಿನವಳು, ಇಪ್ಪತ್ತೊಂದು ವರ್ಷ. ಅರ್ಜಿ ತುಂಬುವ ಮೊದಲು ಅವಳನ್ನು ಕೂರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಅವಳಿಗೆ ಆಗಲೇ ಗೊತ್ತಿತ್ತು.

“ಮೋರೆ ಕಾಣ್ಲೇಬೇಕಾ ಮೇಡಂ?”

“ಕಾಣಬೇಕು.”

“ಮಾಸ್ಕ್ ಹಾಕ್ಕಂಡ್ರೆ?”

“ಒಪ್ಪುವುದಿಲ್ಲ.”

ಅವಳು ಮೇಜಿನ ಮೇಲಿದ್ದ ಕಿಟ್ಟಿನ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದಳು.

“ನಂಗೆ ಕೆಲ್ಸ ಬೇಕು” ಎಂದಳು.

ಆ ದಿನ ಆರನೇ ಮಾರ್ಗದಲ್ಲಿ ನಾಲ್ಕು ಬಾವಿಗಳಿದ್ದವು. ಉಪ್ಪು ಅಳೆಯುವುದನ್ನು ಒಮ್ಮೆ ಮಾಡಿ ತೋರಿಸಿದೆ. ಅವಳ ನಂಬರು ಕೇಳಿ ಬರೆದುಕೊಂಡೆ. ಹತ್ತು ಗಂಟೆಯೊಳಗೆ ಗುಂಪಿಗೆ ಸೇರಿಸಬೇಕಿತ್ತು. ಸೇರಿಸಿದೆ.