ಒರೆಸಿದ ಪೈಪು

ಗುರುಪಾದನನ್ನು ನಿಲ್ಲಿಸಿ ಕುಡಿದಿದ್ದೀಯಾ ಎಂದು ಕೇಳುವುದೇ ಒಂದು ತಮಾಷೆ, ಬಿಡಿ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಚಹಾ ಬಿಟ್ಟರೆ ಬೇರೆ ಚಟವೇ ಗೊತ್ತಿಲ್ಲದ ಮನುಷ್ಯ. ಗೋಕಾಕದ ಹೊರಗಿನ ಒಂದು ಖಾಸಗಿ ಶಾಲೆಯ ಬಸ್ಸನ್ನು ಹುಕ್ಕೇರಿ ದಾರಿಯಲ್ಲಿ ಓಡಿಸುತ್ತಲೇ ತಲೆ ನರೆಸಿಕೊಂಡವನು. ನಮ್ಮ ಮಕ್ಕಳಿಗೆ ಗುರುಪಾದ ಕಾಕಾನ ಬಸ್ಸೇ ಬೇಕೆಂದು ತಾಯಂದಿರು ಹಟ ಹಿಡಿಯುವಷ್ಟು ಹೆಸರು. ಆ ಹೆಸರಿನ ಸೊಕ್ಕು ಅವನಿಗೂ ತುಸು ಇತ್ತು.

ಡ್ರೈವರುಗಳು ಬೆಳಿಗ್ಗೆ ಕುಡಿದದ್ದನ್ನು ಹಿಡಿಯುವ ಮಶೀನಿಗೆ ಊದಿಯೇ ಬಸ್ಸು ಹತ್ತಬೇಕೆಂದು ಶಾಲೆಯವರು ನಿಯಮ ಮಾಡಿದರು. ಹಸಿರು ದೀಪ ಹತ್ತಿದರೆ ಬಸ್ಸು, ಕೆಂಪು ಹತ್ತಿದರೆ ಮನೆ. ಒಬ್ಬೊಬ್ಬರಿಗೂ ಬೇರೆ ಪೈಪು ಹಾಕಬೇಕಂತೆ. ಮೊದಲು ತಂದಿದ್ದ ಪೈಪುಗಳು ತೀರಿದವು. ಮತ್ತೆ ತರಿಸುವ ಪುಣ್ಯಾತ್ಮ ಯಾರು? ಒಂದೇ ಪೈಪಿಗೆ ಎಲ್ಲರ ಬಾಯಿ.

ಅಷ್ಟರಲ್ಲಿ ಮೂಡಲಗಿ ಬಸ್ಸಿಗೆ ಮಾಲಿಂಗ ಬಂದ. ಧುಪದಾಳದವನು, ಕುರುಬರ ಮನೆತನ, ಹೆಂಡತಿ ಮಕ್ಕಳಿದ್ದವನು, ನಗುಮುಖದವನು. ಗುರುಪಾದನನ್ನು ಅಣ್ಣಾರ ಎನ್ನುತ್ತಿದ್ದ. ಗುರುಪಾದನೂ ಅವನ ಹೆಗಲ ಮೇಲೆ ಕೈ ಹಾಕಿ ಚಹಾ ಕುಡಿಸುತ್ತಿದ್ದ. ಆದರೆ ಮಾಲಿಂಗ ಊದಿಟ್ಟ ಪೈಪಿಗೆ ಬಾಯಿ ಹಚ್ಚುವಾಗ ಮಾತ್ರ ಮನಸ್ಸು ಹಿಂದೆಗೆಯುತ್ತಿತ್ತು. ಕುರಿ ತಿನ್ನುವ ಬಾಯಿ ಎಂದು ಒಳಗೇ ಏನೋ ಗೊಣಗುತ್ತಿತ್ತು. ಇದು ಯಾರ ಮುಂದೂ ಹೇಳುವ ಮಾತಲ್ಲ. ಸುಮ್ಮನೆ ಒಂದು ಬಾಟ್ಲಿ ಸ್ಯಾನಿಟೈಸರ್ ತಂದು ಗೇಟು ಕಾಯುವ ಸಾತಪ್ಪನ ಕೈಗಿಟ್ಟ. ಒಬ್ಬರು ಊದಿದ ಕೂಡಲೇ ಒರೆಸಿಬಿಡು, ರೋಗ ಹರಡುತ್ತದೆ ಎಂದ. ಸಾತಪ್ಪ ಪಾಪ, ಹೇಳಿದ್ದನ್ನು ಮಾಡುವವನು.

ದಿನವೂ ಡ್ರೈವರುಗಳು ಒಬ್ಬೊಬ್ಬರಾಗಿ ಬಿಟ್ಟು ಬಿಟ್ಟು ಬರುತ್ತಿದ್ದರು, ಅಷ್ಟರಲ್ಲಿ ಒರೆಸಿದ ಪೈಪು ಆರುತ್ತಿತ್ತು. ಅವತ್ತು ಚಳಿಗೆ ತಡವಾಗಿ ಎಲ್ಲರೂ ಒಟ್ಟಿಗೇ ಬಂದರು. ಸಾತಪ್ಪ ಗಡಿಬಿಡಿಯಲ್ಲಿ ಒರೆಸಿ ಹಸಿ ಪೈಪನ್ನೇ ಮಾಲಿಂಗನ ಬಾಯಿಗೆ ಹಿಡಿದ. ಕೆಂಪು ದೀಪ.

ಮಾಲಿಂಗ ಹೆತ್ತ ತಾಯಿಯ ಆಣೆ ಮಾಡಿದ. ಬಸ್ಸುಗಳ ಉಸ್ತುವಾರಿ ದಾಕ್ಷಾಯಿಣಿ ಬಾಯಿಯವರದು. ಕುಡಿದು ಮಕ್ಕಳ ಬಸ್ಸು ಹತ್ತುವವನಿಗೆ ಇಲ್ಲಿ ಕೆಲಸವಿಲ್ಲ, ಚಾವಿ ಸಿಗುವುದಿಲ್ಲ, ನಡಿ ಎಂದರು. ಗುರುಪಾದ ಬಾಯಿ ಮುಚ್ಚಿಕೊಂಡಿರಬಾರದೇ?

"ಮಶೀನಿಗೇನ ನಿನ್ನ ಮ್ಯಾಲ ಸಿಟ್ಟೈತೇನೋ ತಮ್ಮಾ?" ಎಂದ. ಎಲ್ಲರೂ ನಕ್ಕರು.

ಮುಂದಿನ ಸರದಿ ಗುರುಪಾದನದೇ. ಇನ್ನಷ್ಟು ಹಾಕಿ ಒರೆಸು ಎಂದು ಸಾತಪ್ಪನಿಗೆ ಸನ್ನೆ ಮಾಡಿ ಊದಿದ. ಅವನಿಗೂ ಕೆಂಪು.

ಈ ಸಲ ಯಾರೂ ನಗಲಿಲ್ಲ. ಮಶೀನೇ ಕೆಟ್ಟಿರಬೇಕು ಎಂದರು. ದಾಕ್ಷಾಯಿಣಿ ಬಾಯಿ ಕುರ್ಚಿ ಹಾಕಿಸಿ, ನೀರು ಕೊಟ್ಟು, ಸ್ವಲ್ಪ ಹೊತ್ತು ಕೂತು ಇನ್ನೊಮ್ಮೆ ಊದಿ ಎಂದರು. ಮಾಲಿಂಗನಿಗೆ ಯಾಕೆ ಈ ಕುರ್ಚಿ ಬರಲಿಲ್ಲ ಎಂದು ಒಬ್ಬನೂ ಕೇಳಲಿಲ್ಲ. ಅವನು ಗೇಟಿನ ಆಚೆ ನಿಂತು ಎಲ್ಲ ನೋಡುತ್ತಿದ್ದ.

ಕುರ್ಚಿಯಲ್ಲಿ ಕೂತ ಗುರುಪಾದ ತುಟಿ ನೆಕ್ಕಿಕೊಂಡ. ಕಹಿ, ಸ್ಪಿರಿಟಿನ ವಾಸನೆ. ಮಶೀನು ಹಿಡಿದದ್ದು ಯಾರ ಹೊಟ್ಟೆಯ ಹೆಂಡವನ್ನೂ ಅಲ್ಲ, ಪೈಪಿಗೆ ಬಳಿದ ತನ್ನ ಬಾಟ್ಲಿಯನ್ನು. ಗೊತ್ತಾದರೂ ಪೈಪು ಆರಲೆಂದು ಕಾದ. ಆರಿದ ಪೈಪಿಗೆ ಊದಿದ, ಹಸಿರು ಬಂತು, ಚಾವಿ ಕೈಗೆ ಬಂತು. ಮಾಲಿಂಗ ತಲೆ ತಗ್ಗಿಸಿ ರಸ್ತೆಯ ಕಡೆ ಹೊರಟಿದ್ದ. ಆಗ ತಡೆಯಲಾಗಲಿಲ್ಲ. ಅವನನ್ನು ಕರೆದು ನಿಲ್ಲಿಸಿ, ಪೈಪಿಗೆ ಹಚ್ಚಿದ ಸ್ಪಿರಿಟಿನಿಂದ ಹೀಗಾಗಿದೆ ಎಂದು ದಾಕ್ಷಾಯಿಣಿ ಬಾಯಿಯವರಿಗೆ ಹೇಳಿದ.

ಅವರ ಸಿಟ್ಟು ಸಾತಪ್ಪನ ಮೇಲೆ ತಿರುಗಿತು. ಇದನ್ನು ಹಚ್ಚಲು ನಿನಗೆ ಹೇಳಿದವರಾರು, ನಿನ್ನನ್ನೂ ಮನೆಗೆ ಕಳಿಸುತ್ತೇನೆ ಎಂದರು. ಸಾತಪ್ಪ ನೆಲ ನೋಡುತ್ತ ನಿಂತ, ಹೆಸರು ಹೇಳಲಿಲ್ಲ.

"ಬಾಟ್ಲಿ ನಂದ್ರಿ ಬಾಯಾರ" ಎಂದ ಗುರುಪಾದ.

ಯಾಕೆ ಎಂದು ಅವರು ಕೇಳಿದರು. ರೋಗದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮಾಲಿಂಗ ಎದುರಿಗೇ ನಿಂತಿದ್ದ.

"ಇಂವ ಊದಿದ್ದಕ್ಕ ಬಾಯಿ ಹಚ್ಚಾಕ ನನಗ ಮನಸ ಬರ್ತಿರ್ಲಿಲ್ರಿ."

ನೆಲ ಬಾಯಿ ತೆರೆದರೆ ಸಾಕು ಎನಿಸಿತು ಅವನಿಗೆ. ಮಾಲಿಂಗ ಆರಿದ ಪೈಪಿಗೆ ಊದಿದ, ಹಸಿರು ಬಂತು. ಚಾವಿ ತೆಗೆದುಕೊಂಡು ಗುರುಪಾದನ ಹತ್ತಿರ ಬಂದ.

"ಮೊದಲ ಹೇಳಿದ್ರ ದಿನಾ ನಿಮ್ಮ ಹಿಂದ ನಿಂದ್ರತಿದ್ನೆಲ್ರಿ, ಅಣ್ಣಾರ."

ಸಿಟ್ಟಿಲ್ಲ, ಕೊಂಕಿಲ್ಲ. ನಾಲ್ಕು ಬೈದಿದ್ದರೆ ಗುರುಪಾದ ಬದುಕಿಕೊಳ್ಳುತ್ತಿದ್ದ.

ಈಗ ಒಬ್ಬೊಬ್ಬರಿಗೂ ಹೊಸ ಪೈಪು ಬರುತ್ತದೆ. ಆದರೂ ಮಾಲಿಂಗ ಎಷ್ಟು ಬೇಗ ಬಂದರೂ ಊದುವುದಿಲ್ಲ, ಗುರುಪಾದನಿಗಾಗಿ ಕಾಯುತ್ತಾನೆ. ನೀ ಮುಂದ ಹೋಗೋ ಎಂದು ಕೈ ಹಿಡಿದು ಎಳೆದರೂ ನಕ್ಕು, ಅವನ ಹಿಂದೆಯೇ ನಿಲ್ಲುತ್ತಾನೆ.