ಬಫರಿನ ಕೊನೆಯಲ್ಲಿ ಕಂಡ ಅಕ್ಷರಗಳು

ನಾವು ಹಾಕದೇ ಇದ್ದದ್ದು ಕಂಪ್ಯೂಟರಿನಲ್ಲಿ ಬರುವುದಿಲ್ಲ ಎಂದು ಎಲ್ಲರ ಜೊತೆ ವಾದ ಮಾಡುತ್ತಿದ್ದವನು ನಾನು. ಬೇರೆ ಯಾರಾದರೂ ಇಂಥದ್ದು ಹೇಳಿದರೆ ಇವತ್ತಿಗೂ ನಕ್ಕುಬಿಡುತ್ತೇನೇನೋ. ಆದರೆ ಇದು ನನಗೇ ಆದದ್ದು.

ನಾರಾಯಣಪೇಟೆಯ ನೇಕಾರರ ಸಂಘವೊಂದಕ್ಕೆ ನಾನೂ ಗದ್ವಾಲದ ಗೆಳೆಯ ರಾಘವನೂ ಸೇರಿ ಪ್ರೋಗ್ರಾಂ ಬರೆದಿದ್ದೆವು. ಯಾವ ಸೀರೆಯ ಅಂಚು ಯಾರ ಕಲ್ಪನೆ ಎಂದು ಅದರಲ್ಲಿ ದಾಖಲಾಗುತ್ತಿತ್ತು. ನನ್ನ ಅಕ್ಕ ಎರಡು ವರ್ಷ ಮಗ್ಗದಲ್ಲಿ ಕೂತು ಹೊಸದೊಂದು ಅಂಚು ನೇಯ್ದಿದ್ದಳು. ಅದನ್ನು ನಾನೇ ಅವಳ ಹೆಸರಿಗೆ ಸೇರಿಸಿದ್ದೆ. ಒಂದು ಮಧ್ಯಾಹ್ನ ತೆರೆದು ನೋಡಿದರೆ ಅಲ್ಲಿ ರಾಘವನ ಹೆಂಡತಿಯ ಹೆಸರಿತ್ತು.

ತಪ್ಪು ಪ್ರೋಗ್ರಾಮಿನದೇ ಅಂದುಕೊಂಡೆ. ಹತ್ತು ವರ್ಷದ ಗೆಳೆಯನ ಮೇಲೆ ಅನುಮಾನ ಬರಲಿಲ್ಲ. ಕಂಪ್ಯೂಟರನ್ನು ಹೊಸದಾಗಿ ಚಾಲೂ ಮಾಡಿ, ಅಕ್ಕನ ಹೆಸರು ಹಾಕಿ ಆದೇಶ ಬರೆದೆ. ಅಂಥ ಆದೇಶ ದಾಖಲೆಗಳಿರುವ ಡೇಟಾಬೇಸಿಗೆ ಹೋಗುವ ಮೊದಲು ಬಫರ್ ಎಂಬ ಜಾಗದಲ್ಲಿ ಕಾಯುತ್ತದೆ. ಇಂತಿಷ್ಟನೆಯ ಅಕ್ಷರ ಯಾವುದು ಎಂದು ಕೇಳಿದರೆ ಅದೊಂದನ್ನು ತೋರಿಸುತ್ತದೆ. ಒಂದೊಂದಾಗಿ ಕೇಳುತ್ತಾ ಹೋದೆ. ಎಲ್ಲ ಸರಿಯಿತ್ತು. ಆದೇಶ ಮುಗಿದ ಮೇಲೆ ಏನೂ ಇರಬಾರದು. ಕೈ ತಪ್ಪಿ ಇನ್ನೊಂದು ಕೇಳಿದೆ. ಅಕ್ಷರ ಬಂತು. ಮತ್ತೊಂದು, ಮಗದೊಂದು. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಕಡೆಯ ಕನ್ನಡ: ‘ನಾನೇ ಮಾಡೀನಿ, ಅಕ್ಕಗ ಹೇಳಬ್ಯಾಡ.’

ಮತ್ತೆ ಚಾಲೂ ಮಾಡಿ ನೋಡಿದಾಗ ಆ ಮಾತು ಇರಲಿಲ್ಲ.

ಆಗಲೇ ಹೊರಟು, ಮಕ್ತಲದಲ್ಲಿ ಬಸ್ಸು ಬದಲಿಸಿ ಗದ್ವಾಲಕ್ಕೆ ಹೋದೆ. ರಾಘವ ಬಾಗಿಲು ತೆರೆದು ನನ್ನ ಮುಖ ನೋಡಿದ. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

“ನಾನೇ ಮಾಡೀನಿ,” ಅಂದ. “ಅಕ್ಕಗ ಹೇಳಬ್ಯಾಡ.”

“ಯಾಕಲೇ?” ಅಂದೆ.

“ನಮ್ಮಾಕಿಗೂ ಒಂದು ಹೆಸರಿರ್ಲಿ ಅಂತ ಆಸೆ ಆತು. ಗಲತಿ ಆತು.”

“ಈ ಮಾತು ಕಂಪ್ಯೂಟರ್‌ನಾಗ ಬರ್ದಿದ್ದೇನು?”

“ಕಂಪ್ಯೂಟರ್‌ನಾಗ ಯಾಕ ಬರೀಲಿ? ನನ್ನ ಮಗಳ ಮ್ಯಾಲಾಣಿ, ಇಲ್ಲ.”

ಅಕ್ಕನ ಹೆಸರು ಮತ್ತೆ ಸೇರಿಸಿದೆ. ರಾಘವ ಮಾಡಿದ್ದನ್ನು ಅವಳಿಗೂ ಹೇಳಿದೆ. ಮಗ್ಗ ನಿಲ್ಲಿಸಿ, “ಹ್ಯಾಂಗ ನೇಯ್ದಿ ಅಕ್ಕಾ ಅಂತ ಕೇಳಿದಾಗ ಪಕ್ಕಕ್ಕ ಕುಂದ್ರಿಸಿಕೊಂಡು ತೋರ್ಸಿದ್ದೆನಲ್ಲೋ ಅವಗ,” ಅಂದಳು.

ಹಿಂದೆಂದೋ ಬರೆದ ಅಕ್ಷರಗಳು ಬಫರಿನಲ್ಲಿ ಎಲ್ಲೋ ಉಳಿದಿರಬಹುದು ಎಂದು ತಿಳಿದವರು ಹೇಳುತ್ತಾರೆ. ಉಳಿಯಬೇಕಾದರೆ ಯಾರಾದರೂ ಬರೆದಿರಬೇಕಲ್ಲ? ರಾಘವನ ಆಣೆಯನ್ನು ನಂಬಿದರೆ ಅವು ಎಲ್ಲಿಂದ ಬಂದವೋ ತಿಳಿಯುವುದಿಲ್ಲ. ನಂಬದಿದ್ದರೆ, ಮಗಳ ಮೇಲೆ ಸುಳ್ಳು ಆಣೆ ಇಡುವವನನ್ನು ಹತ್ತು ವರ್ಷ ಗೆಳೆಯ ಅಂದೆ ಎಂದು ಒಪ್ಪಿಕೊಳ್ಳಬೇಕು. ಎರಡೂ ನನ್ನಿಂದ ಆಗಿಲ್ಲ.